ಬಾಣಂತಿ ಕೋಣೆಯೊಳಗಿನ ಔಷಧಿ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಮನೆಯಲ್ಲೂ ಹೇಳುತ್ತಿದ್ದರು, ಕಾಲೇಜಿನಲ್ಲೂ ಹೇಳುತ್ತಿದ್ದರು. ಬರದೆ ಏನು ಮಾಡಲಿ? ಒಂದು ಮಾತನ್ನು ಬಿಡಿಸಿ ಬಿಡಿಸಿ ಹೇಳಿದ ಮೇಲೂ ಎದುರಿಗೆ ಕೂತವರು ಮತ್ತೆ ಮೊದಲಿನ ಪ್ರಶ್ನೆಯನ್ನೇ ಕೇಳಿದರೆ ಯಾರಿಗೆ ತಾನೇ ಪಿತ್ತ ನೆತ್ತಿಗೇರುವುದಿಲ್ಲ? ಆ ವರ್ಷವಂತೂ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡವರು ಒಬ್ಬರೂ ಇರಲಿಲ್ಲ. ಅರ್ಧ ಕೇಳಿದವರು ಮಾತ್ರ ಬೇಕಾದಷ್ಟು ಜನ ಇದ್ದರು.

ಕೆಂಗೇರಿ ಕಡೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತ, ಜೊತೆಗೆ ಪಿಎಚ್‌ಡಿಗೆಂದು ಒದ್ದಾಡುತ್ತಿದ್ದ ಕಾಲ ಅದು. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ವಿಜಯನಗರದಲ್ಲಿ ಮೆಟ್ರೋಗೆಂದು ರಸ್ತೆ ಅಗೆದು ಹಾಕಿದ್ದರು. ಮನೆಯಿಂದ ಬಸ್ ಸ್ಟಾಪಿಗೆ ಹೋಗುವಷ್ಟರಲ್ಲಿ ಸೀರೆಯ ಅಂಚು ಕೆಂಪಾಗುತ್ತಿತ್ತು. ಸಂಶೋಧನೆಗೆ ನಾನು ಹಿಡಿದಿದ್ದ ವಿಷಯ ಕಾರ್ಬನ್ ಮಾನಾಕ್ಸೈಡ್. ಹೆಸರು ಕೇಳಿದರೆ ಸಾಕು, ಎಲ್ಲರಿಗೂ ನೆನಪಾಗುತ್ತಿದ್ದುದು ಸ್ನಾನದ ಮನೆಯ ಗ್ಯಾಸ್ ಗೀಸರ್, ಒಳಗೇ ಕುಸಿದು ಬಿದ್ದವರ ಸುದ್ದಿ. ಬಣ್ಣವಿಲ್ಲ, ವಾಸನೆಯಿಲ್ಲ, ಬಂದದ್ದೂ ತಿಳಿಯುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂತುಬಿಡುತ್ತದೆ, ಏಳು ಎಂದರೆ ಏಳುವುದಿಲ್ಲ.

ಅದೆಲ್ಲ ನಿಜ. ಆದರೆ ಇನ್ನೊಂದು ನಿಜವೂ ಇತ್ತು. ನಮ್ಮ ದೇಹವೇ ದಿನಾ ಇದೇ ಅನಿಲವನ್ನು ಚೂರುಪಾರು ತಯಾರಿಸುತ್ತದೆ, ಹಳೆಯ ರಕ್ತಕಣಗಳನ್ನು ಒಡೆಯುವಾಗ. ಅಷ್ಟು ಸಣ್ಣ ಅಳತೆಯಲ್ಲಿ ಅದು ಊತ ಇಳಿಸುತ್ತದೆ, ಪೆಟ್ಟು ತಿಂದ ಅಂಗಾಂಶವನ್ನು ಕಾಪಾಡುತ್ತದೆ. ಹೊರದೇಶಗಳಲ್ಲಿ ಕೆಲವರು ಅದನ್ನು ಲೋಹದ ಅಣುವೊಂದಕ್ಕೆ ಕಟ್ಟಿಹಾಕಿ ಪುಡಿಯ ರೂಪಕ್ಕೆ ತಂದಿದ್ದರು. ಪುಡಿ ನೀರಿಗೆ ಬಿದ್ದರೆ ಅನಿಲ ಮೆಲ್ಲಗೆ ಬಿಡುಗಡೆಯಾಗುತ್ತದೆ, ಬ್ಯಾಕ್ಟೀರಿಯಾದ ಒಳಹೊಕ್ಕು ಅದರ ಉಸಿರನ್ನೇ ಕಟ್ಟಿಸುತ್ತದೆ. ಆಂಟಿಬಯಾಟಿಕ್‌ಗೆ ಜಗ್ಗದ ಕ್ರಿಮಿಗಳ ಮೇಲೂ ಇದನ್ನು ಪ್ರಯೋಗಿಸಿ ನೋಡುತ್ತಿದ್ದರು. ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಗಾಜಿನ ತಟ್ಟೆಯಲ್ಲಿ ಗಾಯದ ಕೀವಿನ ಬ್ಯಾಕ್ಟೀರಿಯಾ ಬೆಳೆಸಿ ಈ ಪುಡಿಯನ್ನು ಪರೀಕ್ಷಿಸುವುದು, ನಾನು ಕೇಳಿದ್ದು ಇಷ್ಟೇ. ಇಲಿಯೂ ಬೇಡ, ಮೊಲವೂ ಬೇಡ.

ಅನುಮತಿ ಕೊಡಬೇಕಾದ ಕಾಲೇಜು ಸಮಿತಿಯ ಮುಂದೆ ಹೋಗಿ ಕೂತೆ. ಅಧ್ಯಕ್ಷರು ಕನ್ನಡಕ ಹಣೆಗೇರಿಸಿ ಕೇಳಿದರು.

"ಮೇಡಂ, ಸಿಲಿಂಡರ್ ಲೀಕ್ ಆದ್ರೆ ಯಾರು ಜವಾಬ್ದಾರಿ?"

"ಸಾರ್, ಸಿಲಿಂಡರ್ ಇಲ್ಲ. ಪುಡಿ. ಒಂದು ಚಿಟಿಕೆ ಪುಡಿ."

"ಪುಡಿ ಒಳಗೆ ಗ್ಯಾಸ್ ಹೇಗಿರತ್ತೆ?"

ಬೋರ್ಡಿನ ಮೇಲೆ ಅಣುವಿನ ಚಿತ್ರ ಬರೆದು ತೋರಿಸಿದೆ. ನಡುವೆ ಲೋಹ, ಸುತ್ತ ಅನಿಲದ ಕೈಗಳು, ಅದು ಯಾವಾಗ ಕಳಚಿಕೊಳ್ಳುತ್ತದೆ, ಎಷ್ಟು ಕಳಚಿಕೊಳ್ಳುತ್ತದೆ, ಎಲ್ಲ. ಚಾಕ್‌ಪೀಸು ಮುಗಿಯುವವರೆಗೂ ಬರೆದೆ. ಅವರು ತಲೆಯಾಡಿಸುತ್ತಲೇ ಇದ್ದರು. ಪರವಾಗಿಲ್ಲ, ಅರ್ಥವಾಯಿತು ಎಂದುಕೊಂಡು ಕೂತೆ.

"ಚೆನ್ನಾಗಿದೆ ಮೇಡಂ. ಸರಿ, ಸಿಲಿಂಡರ್ ಎಲ್ಲಿಡ್ತೀರಾ?"

ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಪಕ್ಕದಲ್ಲಿದ್ದ ಇನ್ನೊಬ್ಬ ಸದಸ್ಯರು ನನ್ನ ಮುಖ ನೋಡಿ ಪಾಪ ಎಂದುಕೊಂಡಿರಬೇಕು. "ಯಾಕೆ ಮೇಡಂ ಈ ರಗಳೆ? ತುಳಸಿ ಮಾಡಿ. ಬೇವು ಮಾಡಿ. ಯಾರೂ ಏನೂ ಕೇಳಲ್ಲ" ಎಂದು ಉಪದೇಶ ಕೊಟ್ಟರು. ಆ ಕಾಲದಲ್ಲಿ ನಮ್ಮ ಕಡೆಯ ಫಾರ್ಮಸಿ ಕಾಲೇಜುಗಳಲ್ಲಿ ತುಳಸಿಯನ್ನು ಅರೆದು ರಸ ತೆಗೆಯದವನೇ ಪಾಪಿ. ನಮ್ಮ ಪ್ರಯೋಗಾಲಯದ ಕಪಾಟು ತೆಗೆದರೆ ದೇವಸ್ಥಾನದ ವಾಸನೆ ಬರುತ್ತಿತ್ತು. ತುಳಸಿಯ ಮೇಲೆ ನನಗೇನೂ ಹಗೆಯಿಲ್ಲ. ಆದರೆ ಎಲ್ಲರೂ ಅರೆದದ್ದನ್ನೇ ಅರೆಯಲು ನಾನೇ ಬೇಕಾಗಿತ್ತೇ? ತೀರ್ಮಾನ ಮುಂದಿನ ಸಭೆಗೆ ಹೋಯಿತು. ಆ ಸಭೆಯಿಂದ ಅದರ ಮುಂದಿನ ಸಭೆಗೆ ಹೋಯಿತು.

ಇಲ್ಲಿ ಹೀಗಿದ್ದರೆ ಮನೆಯಲ್ಲಿ ಇನ್ನೊಂದು ಗೋಳು. ಅಪ್ಪ ಹೋದ ಮೇಲೆ ಮನೆಯಲ್ಲಿ ಅಮ್ಮ, ನಾನು ಇಬ್ಬರೇ ಇದ್ದೆವು. ಆಗ ನನ್ನ ತಂಗಿ ಬಾಣಂತನಕ್ಕೆ ಬಂದಿದ್ದಳು. ಅವಳ ಗಂಡನ ಕೆಲಸ ಹಾಸನದಲ್ಲಿ. ಚೊಚ್ಚಲು, ಹೆಣ್ಣುಮಗು, ಹೊಟ್ಟೆ ಕೊಯ್ದು ತೆಗೆದದ್ದು. ಹಿತ್ತಿಲ ಕಡೆಯ ಸಣ್ಣ ಕೋಣೆಯನ್ನು ಅಮ್ಮ ಬಾಣಂತಿ ಕೋಣೆ ಮಾಡಿದಳು. ಅದಕ್ಕೆ ಒಂದು ಬಾಗಿಲು, ಮೇಲೆ ಒಂದು ಗಾಳಿಕಿಂಡಿ, ಅಷ್ಟೇ. ಬೆಳಿಗ್ಗೆ ಎಣ್ಣೆ ತಿಕ್ಕಿ, ಕುದಿಯುವ ನೀರು ಹುಯ್ದು, ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿದು ಮಲಗಿಸುವುದು. ಮಂಚದ ಪಕ್ಕ ಅಗ್ಗಿಷ್ಟಿಕೆಯಲ್ಲಿ ಇದ್ದಲಿನ ಕೆಂಡ. ಅದರ ಮೇಲೆ ಸಾಂಬ್ರಾಣಿ ಉದುರಿಸಿ ತಾಯಿಯ ಕೂದಲಿಗೂ ಮಗುವಿನ ಮೈಗೂ ಹೊಗೆ ಹಿಡಿಯುವುದು. ಗಾಳಿ ಸೋಕಿದರೆ ಶೀತ, ಶೀತವಾದರೆ ಸನ್ನಿ. ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಹೀಗೆಯೇ.

ಮೊದಲ ದಿನವೇ ನಾನು ಹಾರಾಡಿದೆ. "ಅಮ್ಮ, ಮುಚ್ಚಿದ ಕೋಣೇಲಿ ಕೆಂಡ ಇಡಬೇಡ. ಸಾಂಬ್ರಾಣಿ ಹಾಕಿದ ತಕ್ಷಣ ಆಚೆ ತಗೊಂಡು ಬಾ."

"ನೀನು ಹೆತ್ತಿದೀಯಾ? ಹೆತ್ತು ಆಮೇಲೆ ನನಗೆ ಹೇಳ್ಕೊಡುವಂತೆ."

ತಂಗಿಗೆ ಮೊದಲು ಮದುವೆ ಮಾಡಿದ ಮನೆಯಲ್ಲಿ ಅಕ್ಕನ ಬಾಯಿ ಮುಚ್ಚಿಸಲು ಇದಕ್ಕಿಂತ ಸುಲಭದ ಮಾತು ಬೇರೆ ಇಲ್ಲ. ಆದರೂ ಬಿಡಲಿಲ್ಲ, ದಿನಾ ಕಿರಿಕಿರಿ ಮಾಡಿದೆ. ಅಮ್ಮ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಳು. ತಂಗಿಯನ್ನು ಕೇಳಿದರೆ, "ಹೋಗ್ಲಿ ಬಿಡಕ್ಕ, ಬೆಚ್ಚಗಿರತ್ತೆ" ಎಂದು ಮಗ್ಗುಲಾದಳು. ಅದೃಷ್ಟಕ್ಕೆ ಕಿಂಡಿ ತೆರೆದಿತ್ತು, ಹೊಗೆ ಹಿತ್ತಿಲಿಗೆ ಹೋಗುವುದು ಕಾಣುತ್ತಿತ್ತು. ಅಷ್ಟಾದರೂ ಇದೆಯಲ್ಲ ಎಂದು ಸುಮ್ಮನಾದೆ.

ಅಷ್ಟರಲ್ಲಿ ತಂಗಿಯ ಹೊಲಿಗೆ ಹಾಕಿದ ಜಾಗದಲ್ಲಿ ಕೀವಾಯಿತು. ಡಾಕ್ಟರು ಮಾತ್ರೆ ಬದಲಾಯಿಸಿದರು, ಮತ್ತೆ ಬದಲಾಯಿಸಿದರು. ಒಂದು ಮೂಲೆ ಒಣಗಿತು ಎನ್ನುವಷ್ಟರಲ್ಲಿ ಇನ್ನೊಂದು ಮೂಲೆ ಒದ್ದೆ. ಅಮ್ಮ ದಿನಾ ಬಟ್ಟೆ ಸರಿಸಿ ನೋಡಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಆಚೆ ಬರುತ್ತಿದ್ದಳು. ಪಕ್ಕದ ಮನೆಯವರು ನಂಜು ಎಂದರು, ಎದುರು ಮನೆಯವರು ದೃಷ್ಟಿ ಎಂದರು. ಅಮ್ಮ ನಂಜಿಗೂ ಮಾಡಿದಳು, ದೃಷ್ಟಿಗೂ ಮಾಡಿದಳು, ಬೆಳ್ಳುಳ್ಳಿ ಕರಿಮೆಣಸಿನ ಸಾರನ್ನು ಇನ್ನಷ್ಟು ಖಾರ ಮಾಡಿದಳು. ಹೊಲಿಗೆ ಒಣಗಲಿಲ್ಲ.

ಆ ದಿನಗಳಲ್ಲೇ ಸಮಿತಿ ಇನ್ನೊಂದು ಸಲ ನನ್ನನ್ನು ಬರಿಗೈಯಲ್ಲಿ ಕಳಿಸಿತು. ಸಂಜೆ ಮನೆಗೆ ಬಂದವಳೇ ಬ್ಯಾಗ್ ಎಸೆದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತೆ. ಅಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನನಗೆ ಯಾರ ಮುಂದಾದರೂ ಕಾರಿಕೊಳ್ಳಬೇಕಿತ್ತು.

"ವಿಷ ಅಂತೆ ಅಮ್ಮ, ವಿಷ! ಅದು ಔಷಧಿ ಅಂತ ಎಷ್ಟು ಬಡ್ಕೊಂಡ್ರೂ ಆ ಮುಂಡೇವಕ್ಕೆ ಅರ್ಥ ಆಗಲ್ಲ."

"ಯಾವುದು ಔಷಧಿ?"

"ನಾನು ಓದ್ತಾ ಇದೀನಲ್ಲ, ಆ ಗ್ಯಾಸು. ಊತ ಇಳಿಸತ್ತೆ, ಕ್ರಿಮಿ ಕೊಲ್ಲತ್ತೆ. ಮಾತ್ರೆಗೂ ಬಗ್ಗದೇ ಇರೋ ಕ್ರಿಮಿ ಕೂಡ."

ಅಮ್ಮನ ಕೈ ನಿಂತಿತು. "ಗಾಯದಲ್ಲಿರೋ ಕ್ರಿಮೀನೂ ಸಾಯತ್ತಾ?"

"ಗಾಯದ್ದೇ ನಾನು ಮಾಡ್ಬೇಕು ಅಂತಿರೋದು."

"ಎಲ್ಲಿಂದ ಬರತ್ತೇ ಅದು?"

ಅಮ್ಮ ನನ್ನ ಓದಿನ ಬಗ್ಗೆ ಪ್ರಶ್ನೆ ಕೇಳಿದ್ದು ನನಗೆ ನೆನಪಿರುವಂತೆ ಅದೇ ಮೊದಲು. ಕೊನೆಗೂ ಒಬ್ಬರು ಕೇಳಿದರಲ್ಲ ಎಂಬ ಖುಷಿಗೆ ಹುರುಪು ಬಂತು. "ನಿನ್ನ ಇದ್ದಲು ಇದೆಯಲ್ಲ, ಅದು ಅರೆಬರೆ ಉರಿದಾಗ ಬರೋದೂ ಅದೇ. ಆದ್ರೆ ಅದನ್ನ ಹಾಗೇ ಕುಡಿದ್ರೆ ಜೀವ ಹೋಗತ್ತೆ. ಅದಕ್ಕೇ ಪುಡಿಗೆ ಕಟ್ಟಿ, ಅಳತೆ ಮಾಡಿ..." ಕುಕ್ಕರ್ ಕೂಗಿತು. ಅಮ್ಮ ಎದ್ದು ಒಲೆಯ ಕಡೆ ಹೋದಳು. ನಾನು ಕುಕ್ಕರಿನ ಸದ್ದಿನ ಮೇಲೇ ಅಳತೆಯ ವಿಷಯ ಪೂರ್ತಿ ಹೇಳಿ ಮುಗಿಸಿದೆ. ಯಾರಿಗೆ ಹೇಳಿದೆನೋ ದೇವರೇ ಬಲ್ಲ.

ಮುಂದಿನ ವಾರ ಸಭೆ ಇತ್ತು. ಚೆಂದದ ಸೀರೆ ಉಟ್ಟು, ಅಣುವಿನ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿಕೊಂಡು ಹೋದೆ. ಹೋದರೆ, ಅಧ್ಯಕ್ಷರು ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದಾರೆ, ಸಭೆ ಇಲ್ಲ. ಒಂದು ಫೋನ್ ಮಾಡಬಾರದೇ? ಬಾಯಿಗೆ ಬಂದಂತೆ ಬೈದುಕೊಳ್ಳುತ್ತ ಮೈಸೂರು ರಸ್ತೆಯಲ್ಲಿ ಬಸ್ ಹಿಡಿದೆ. ಬಿಸಿಲು ನೆತ್ತಿಗೆ ಬರುವ ಮೊದಲೇ ಮನೆಯಲ್ಲಿದ್ದೆ.

ಮನೆ ಗಪ್‌ಚಿಪ್ಪಾಗಿತ್ತು. ಆ ಹೊತ್ತಿಗೆ ಮಗುವಿನ ರಾಗ ಬೀದಿಗೇ ಕೇಳಬೇಕು. ಅಮ್ಮ ಅಡುಗೆಮನೆಯಲ್ಲಿ ಸಬ್ಬಸಿಗೆ ಸೊಪ್ಪು ಬಿಡಿಸುತ್ತಿದ್ದಳು, ಮುಖದಲ್ಲಿ ಅಪರೂಪದ ನೆಮ್ಮದಿ.

"ಮೆಲ್ಲಗೆ ಮಾತಾಡೇ. ಇವತ್ತು ಇಬ್ಬರೂ ಎಷ್ಟು ಚೆನ್ನಾಗಿ ಮಲಗಿದಾರೆ ಗೊತ್ತಾ? ಹಾಲಿಗೂ ಏಳಲಿಲ್ಲ ಪಾಪು. ಇಬ್ಬರ ಕೆನ್ನೇನೂ ಕೆಂಪಗೆ ಗುಲಾಬಿ ಥರ ಆಗಿದೆ."

ಹಾಲಿಗೆ ಏಳದ ಹಸುಗೂಸು, ಕೆಂಪು ಕೆನ್ನೆ. ನಾನು ಪಾಠ ಮಾಡುವಾಗ ವಿಷದ ಲಕ್ಷಣ ಎಂದು ಬರೆಸುವ ಸಾಲುಗಳನ್ನೇ ಅಮ್ಮ ನಗುನಗುತ್ತ ಹೇಳುತ್ತಿದ್ದಳು. ಹಿತ್ತಿಲ ಕೋಣೆಗೆ ಓಡಿ ಬಾಗಿಲು ತಳ್ಳಿದೆ. ಬಾಗಿಲ ಕೆಳಗೆ ಗೋಣಿಚೀಲ ಒತ್ತಿಟ್ಟಿದ್ದರಿಂದ ಸುಲಭಕ್ಕೆ ತೆರೆಯಲಿಲ್ಲ. ಒಳಗೆ ಹೊಗೆಯೇ ಇರಲಿಲ್ಲ. ಅಗ್ಗಿಷ್ಟಿಕೆಯ ತುಂಬ ಕೆಂಡ, ಮೇಲೆ ಸಣ್ಣಗೆ ನೀಲಿ ಉರಿ. ತಲೆ ಎತ್ತಿ ನೋಡಿದರೆ ಗಾಳಿಕಿಂಡಿಗೆ ಹಳೆಯ ಸೀರೆಯೊಂದನ್ನು ಮಡಚಿ ತುರುಕಿದೆ.

ಮಗುವನ್ನು ಎತ್ತಿದೆ. ಕತ್ತು ಹಿಂದಕ್ಕೆ ಬಿತ್ತು, ಕೈಕಾಲು ಒದ್ದೆ ಬಟ್ಟೆಯ ಹಾಗೆ ಜೋತಾಡಿದವು. ಹಿಂದೆಯೇ ಓಡಿ ಬಂದ ಅಮ್ಮನ ಕೈಗೆ ಕೊಟ್ಟು ಹಿತ್ತಿಲಿಗೆ ಓಡು ಎಂದು ಕಿರುಚಿದೆ. ತಂಗಿಯನ್ನು ಕಂಕುಳಲ್ಲಿ ಹಿಡಿದು ಎಳೆದೆ, ಹೊಲಿಗೆಯ ಹೊಟ್ಟೆ ಎಂಬುದು ಕೂಡ ನೆನಪಿಗೆ ಬರಲಿಲ್ಲ. ಕೆನ್ನೆಗೆ ಹೊಡೆದರೆ ನರಳಿದಳು, ಕಣ್ಣು ತೆರೆಯಲಿಲ್ಲ. ಎದುರು ಮನೆಯವರು ಓಡಿ ಬಂದು ಆಟೋ ಕರೆದರು. ಆಟೋದವರು ನಮ್ಮನ್ನು ನೋಡಿದ್ದೇ ಬಾಡಿಗೆಯ ಮಾತೆತ್ತದೆ, "ಕೂತ್ಕೊಳ್ಳಿ ಅಕ್ಕ" ಎಂದು ಅಗೆದ ರಸ್ತೆಯ ಪಕ್ಕದಲ್ಲೇ ಗಾಡಿ ನುಗ್ಗಿಸಿದರು. ಅಮ್ಮ ದಾರಿಯುದ್ದಕ್ಕೂ ಮಗುವಿನ ಮುಖಕ್ಕೆ ಸೆರಗು ಮುಚ್ಚುವುದು, ನಾನು ಅದನ್ನು ಕಿತ್ತು ತೆಗೆಯುವುದು. "ಗಾಳಿ ಬಡಿಯತ್ತೆ ಕಣೇ!" "ಗಾಳಿ ಬಡೀಲಿ ಅಂತಾನೇ ತೆಗೀತಿರೋದು!"

ಹತ್ತಿರದ ನರ್ಸಿಂಗ್ ಹೋಮಿನ ಡಾಕ್ಟರು ತಂಗಿಯ ಬೆರಳಿಗೆ ಕ್ಲಿಪ್ ಸಿಕ್ಕಿಸಿ ನೋಡಿದರು.

"ಆಕ್ಸಿಜನ್ ಲೆವೆಲ್ ಚೆನ್ನಾಗಿದೆ. ಬಾಣಂತಿ ಅಲ್ವಾ, ರಕ್ತ ಕಮ್ಮಿ ಇರತ್ತೆ, ಸುಸ್ತು. ಡ್ರಿಪ್ ಹಾಕೋಣ."

"ಸಾರ್, ಆ ಕ್ಲಿಪ್ಪನ್ನ ನಂಬಬೇಡಿ. ಆಕ್ಸಿಜನ್ ಹೊತ್ತ ರಕ್ತಕ್ಕೂ ಕಾರ್ಬನ್ ಮಾನಾಕ್ಸೈಡ್ ಹೊತ್ತ ರಕ್ತಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಾಗಲ್ಲ. ಕೋಣೇಲಿ ಕೆಂಡ ಇತ್ತು. ದಯವಿಟ್ಟು ಇಬ್ಬರಿಗೂ ಮೊದಲು ಆಕ್ಸಿಜನ್ ಮಾಸ್ಕ್ ಹಾಕಿ."

"ನೀವು ಡಾಕ್ಟ್ರಾ?"

"ಅಲ್ಲ, ಫಾರ್ಮಸಿ. ಇದೇ ಗ್ಯಾಸಿನ ಮೇಲೆ ರಿಸರ್ಚ್ ಮಾಡ್ತಿದೀನಿ. ಔಷಧಿಯಾಗಿ ಬಳಸೋದು ಹೇಗೆ ಅಂತ."

ಹಾಗೆ ಹೇಳಬಾರದಿತ್ತು. ಅವರ ಹುಬ್ಬು ಮೇಲೇರಿತು. "ನೀವೇ ಔಷಧಿ ಅಂತೀರಾ, ನೀವೇ ವಿಷ ಅಂತೀರಾ. ಯಾವುದಾದ್ರೂ ಒಂದು ಹೇಳಿ ಮೇಡಂ."

ಅಯ್ಯೋ ನನ್ನ ಕರ್ಮವೇ! ಕಾಲೇಜಿನಲ್ಲಿ ಔಷಧಿ ಎಂದರೆ ವಿಷ ಅನ್ನುತ್ತಾರೆ, ಇಲ್ಲಿ ವಿಷ ಎಂದರೆ ಔಷಧಿ ಅಂದಿರಲ್ಲ ಅನ್ನುತ್ತಾರೆ. ಎರಡೂ ನಿಜ ಸಾರ್, ಅಳತೆಯ ಮೇಲೆ ಹೋಗುತ್ತದೆ ಎಂದು ಬಿಡಿಸಿ ಹೇಳಲು ಅಲ್ಲಿ ಬೋರ್ಡೂ ಇರಲಿಲ್ಲ, ಚಾಕ್‌ಪೀಸೂ ಇರಲಿಲ್ಲ. ಅಮ್ಮನ ಮಡಿಲಲ್ಲಿ ಮಗು ಹಾಗೇ ಬಿದ್ದಿತ್ತು. ನಾನು ಮೇಜು ಗುದ್ದಿ ಕೂಗಿದೆ. ಏನು ಕೂಗಿದೆ ಎಂದು ಈಗ ನೆನಪಿಲ್ಲ. ಹೊರಗೆ ಕೂತಿದ್ದ ರೋಗಿಗಳೆಲ್ಲ ಎದ್ದು ನಿಂತರು ಎಂಬುದಷ್ಟೇ ನೆನಪು. "ಆಯ್ತು ಮೇಡಂ, ನಿಮ್ಮ ಸಮಾಧಾನಕ್ಕೆ ಕೊಡ್ತೀವಿ, ಕೊಡೋದ್ರಿಂದ ನಷ್ಟ ಏನಿಲ್ಲ" ಎಂದು ಡಾಕ್ಟರು ತಂಗಿಯನ್ನೂ ಮಗುವನ್ನೂ ಒಳಗೆ ಕರೆದುಕೊಂಡು ಹೋಗಿ, ಆಕ್ಸಿಜನ್ ಹಚ್ಚಿಸಿ, ನಮ್ಮಿಬ್ಬರನ್ನು ಆಚೆ ಕಳಿಸಿದರು.

ಹೊರಗಿನ ಬೆಂಚಿನ ಮೇಲೆ ಅಮ್ಮ ಕೂತಳು. ನಾನು ನಿಂತೇ ಇದ್ದೆ. ಕೂತರೆ ಎದ್ದೇಳಲು ಆಗುವುದಿಲ್ಲವೇನೋ ಎಂಬ ಭಯ.

"ಕಿಂಡಿ ಯಾಕಮ್ಮ ಮುಚ್ಚಿದೆ? ಇಷ್ಟು ದಿನ ತೆಗೆದೇ ಇತ್ತಲ್ಲ! ಯಾರು ಹೇಳಿದ್ರು ನಿನಗೆ?"

ಮತ್ತೆ ಕೇಳಿದೆ, ಮತ್ತೂ ಜೋರಾಗಿ ಕೇಳಿದೆ. ಎದುರಿಗಿದ್ದ ಮುದುಕರೊಬ್ಬರು ಮುಖ ಆಚೆ ತಿರುಗಿಸಿದರು.

"ನೀನೇ ಹೇಳಿದ್ದು."

"ನಾನಾ? ನಾನು ಕೆಂಡಾನೇ ಬೇಡ ಅಂದೋಳು!"

"ಅದು ಮೊದಲು. ಆಮೇಲೆ ನೀನೇ ಅಲ್ವಾ ಹೇಳಿದ್ದು, ಇದ್ದಲಿಂದ ಔಷಧಿ ಬರತ್ತೆ, ಗಾಯದ ಕ್ರಿಮಿ ಸಾಯತ್ತೆ ಅಂತ. ನಮ್ಮಮ್ಮ ಯಾವತ್ತೂ ಕಿಂಡಿ ಮುಚ್ಚೋಕೆ ಬಿಡ್ತಿರಲಿಲ್ಲ. ನಾನೂ ನಿಮ್ಮಿಬ್ಬರ ಬಾಣಂತನದಲ್ಲಿ ಮುಚ್ಚಿರಲಿಲ್ಲ. ಔಷಧಿ ಸುಮ್ನೆ ಆಚೆ ಹೋಗ್ತಿದೆಯಲ್ಲ ಅಂತ ಅನ್ನಿಸ್ತು ಕಣೇ. ಅದಕ್ಕೇ ಇವತ್ತು ಮುಚ್ಚಿದೆ."

"ಪುಡಿ ಅಂತ ಹೇಳಲಿಲ್ವಾ? ಅಳತೆ ಅಂತ ಹೇಳಲಿಲ್ವಾ? ಹಾಗೇ ಕುಡಿದ್ರೆ ಜೀವ ಹೋಗತ್ತೆ ಅಂತ ಹೇಳಲಿಲ್ವಾ?"

"ನನಗೇನು ತಿಳಿಯತ್ತೆ? ಯಾವಾಗ ನೋಡಿದ್ರೂ ನಿನ್ನ ಮಾತು ಯಾರೂ ಕೇಳಲ್ಲ ಅಂತ ಬೈತಿದ್ದೆ. ನಾನು ಕೇಳಿದೆ."

ನನಗೆ ಸಿಟ್ಟು ಬಂತು. ಅಧ್ಯಕ್ಷರ ಮೇಲೆ, ಕುಕ್ಕರಿನ ಮೇಲೆ, ಒಳಗಿರುವ ಡಾಕ್ಟರ ಮೇಲೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಕೂತಿದ್ದ ಈ ಹೆಂಗಸಿನ ಮೇಲೆ. ಅಳುವೂ ಬಂತು. ಅತ್ತರೆ ಅಮ್ಮನೂ ಅಳುತ್ತಾಳೆ ಎಂದು ಗೋಡೆಯ ಕಡೆ ತಿರುಗಿ ನಿಂತೆ.

ಎಷ್ಟು ಹೊತ್ತಾಯಿತೋ. ಒಳಗಿನಿಂದ ನರ್ಸ್ ಬಂದು, "ಅವರು ಕಣ್ ಬಿಟ್ರು, ವಾಂತಿ ಮಾಡ್ಕೊಂಡ್ರು, ತಲೆನೋವು ಅಂತಿದಾರೆ" ಎಂದರು. ಅಮ್ಮ ಎದ್ದು ನಿಂತು ಕೇಳಿದಳು, "ಪಾಪು?" ನರ್ಸ್ ಏನೂ ಹೇಳದೆ ಒಳಗೆ ಹೋದರು. ಆಮೇಲಿನ ಹೊತ್ತು ಹೇಗೆ ಕಳೆಯಿತೋ ನಾನು ಬರೆಯಲಾರೆ. ಕೊನೆಗೆ ಬಾಗಿಲ ಆಚೆಯಿಂದ ಸಣ್ಣ ಕೆಮ್ಮಿನಂಥದ್ದು ಕೇಳಿಸಿತು, ನಿಂತುಹೋಯಿತು, ಮತ್ತೆ ಕೇಳಿಸಿತು. ಆಮೇಲೆ ಅಳು. ಮೊದಲು ಕೀರಲು, ಆಮೇಲೆ ನಮ್ಮ ಬೀದಿಗೆಲ್ಲ ಗೊತ್ತಿದ್ದ ಅದೇ ರಾಗ. ಅಮ್ಮ ಬೆಂಚಿನ ಮೇಲೆ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಾನೂ ಪಕ್ಕದಲ್ಲಿ ಕೂತೆ. ಯಾವತ್ತೂ ಮುಟ್ಟಿ ಮಾತಾಡಿಸಿದ ಅಭ್ಯಾಸ ನಮ್ಮಿಬ್ಬರಿಗೂ ಇರಲಿಲ್ಲ, ಆದರೂ ಅವಳ ಬೆನ್ನ ಮೇಲೆ ಕೈ ಇಟ್ಟೆ. ಅವಳು ಸರಿದು ಕೂರಲಿಲ್ಲ.

ಡಾಕ್ಟರು ಆಚೆ ಬಂದರು. ರಾತ್ರಿಯೆಲ್ಲ ಆಕ್ಸಿಜನ್‌ನಲ್ಲೇ ಇರಲಿ, ಮಗುವನ್ನು ಒಂದು ಸಲ ಮಕ್ಕಳ ಡಾಕ್ಟರಿಗೂ ತೋರಿಸೋಣ ಎಂದು ಹೇಳಿ, ನನ್ನ ಕಡೆ ನೋಡದೆ ತಮ್ಮ ಕೋಣೆಗೆ ಹೋದರು. ಅಮ್ಮ ಮುಖ ಒರೆಸಿಕೊಂಡಳು. ಏನೋ ಕೇಳಬೇಕು, ಕೇಳಲು ಹೆದರಿಕೆ. ನನ್ನ ಮುಖ ನೋಡುವುದು, ಬಾಗಿಲು ನೋಡುವುದು.

"ಏನಮ್ಮ?"

"ಬೈಬೇಡ ಕಣೇ."

"ಇಲ್ಲ, ಹೇಳು."

ಅಮ್ಮ ದನಿ ತಗ್ಗಿಸಿದಳು. "ಬೆಳಿಗ್ಗೆಯಿಂದ ಅಷ್ಟು ಹೊತ್ತು ಒಳಗಿದ್ದಳಲ್ಲ. ಆ ಹೊಲಿಗೆಯಾದ್ರೂ ಒಣಗಿರತ್ತಾ ಅಂತ ಡಾಕ್ಟ್ರನ್ನ ಒಂದ್ಸಲ ಕೇಳು."

ನಾನು ಎದ್ದು, ಡಾಕ್ಟರನ್ನು ಕೇಳಲು ಒಳಗೆ ಹೋದೆ.